ಲೈಕ್ ಒತ್ತದವರೇ ಗಿರಾಕಿ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಲಿಂಕ್ಡ್‌ಇನ್ ಬಗ್ಗೆ, ಅಂದರೆ ಕೆಲಸ, ವ್ಯಾಪಾರದವರು ಸೇರುವ ಜಾಲತಾಣದ ಬಗ್ಗೆ. ಅಲ್ಲಿ ಪೋಸ್ಟ್ ಹಾಕಿದರೆ ವ್ಯಾಪಾರ ಬರುತ್ತದಾ, ಬರುವುದಾದರೆ ಹೇಗೆ ಅನ್ನುವುದೇ ಎಲ್ಲರ ಪ್ರಶ್ನೆ. ಹಾಗಾಗಿ ಸಾಲ, ಬಾಡಿಗೆ, ಪಾಲುದಾರರ ಜಗಳಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ: ಬೆಂಗಳೂರಿನ ಪೀಣ್ಯದಲ್ಲಿ ಪಂಪು ತಯಾರಿಸುವ ಕಂಪನಿಯೊಂದರ ಪರ್ಚೇಸ್ ವಿಭಾಗದಲ್ಲಿ ಕೆಲಸ ಮಾಡಿ, ಈಗ ತೀರ್ಥಹಳ್ಳಿ ಹತ್ತಿರದ ಮನೆಗೆ ವಾಪಸ್ ಬಂದವಳು. ಮಾರಾಟದ ಪಾಠ ನನಗೆ ಗೊತ್ತಿಲ್ಲ. ಕೊಟೇಶನ್ ತರಿಸಿಕೊಂಡು, ಓದಿ, ಪಕ್ಕಕ್ಕೆ ಎಸೆಯುತ್ತಿದ್ದವಳ ಕಣ್ಣಿನಲ್ಲಿ ನಿಮ್ಮ ಪೋಸ್ಟ್ ಹೇಗೆ ಕಾಣುತ್ತದೆ ಅನ್ನುವುದನ್ನು ಮಾತ್ರ ಹೇಳಬಲ್ಲೆ.

ಪ್ರಶ್ನೆ: ಅಕ್ಕಾ, ಮಾಚೇನಹಳ್ಳಿಯಲ್ಲಿ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ನಮ್ಮದೊಂದು ಸಣ್ಣ ಫೌಂಡ್ರಿ, ಜೊತೆಗೆ ಮೆಷಿನ್ ಶಾಪ್ ಇದೆ. ಹೋದ ವರ್ಷದಿಂದ ಲಿಂಕ್ಡ್‌ಇನ್‌ನಲ್ಲಿ ವಾರಕ್ಕೆ ಮೂರು ಪೋಸ್ಟ್ ಹಾಕುತ್ತಿದ್ದೇವೆ. ಹಬ್ಬದ ಶುಭಾಶಯ, ಆಯುಧಪೂಜೆ ಫೋಟೋ, ‘ಕ್ವಾಲಿಟಿಯೇ ನಮ್ಮ ಉಸಿರು’ ಅಂತ ಚಂದದ ಡಿಸೈನ್. ನೂರರ ಹತ್ತಿರ ಲೈಕ್ ಬರುತ್ತದೆ. ಎನ್‌ಕ್ವೈರಿ ಮಾತ್ರ ಒಂದೂ ಇಲ್ಲ. ಎಲ್ಲಿ ಎಡವಿದ್ದೇವೆ?
– ಫೌಂಡ್ರಿ ಮಾಲೀಕರು, ಶಿವಮೊಗ್ಗ

ಉತ್ತರ: ಆ ನೂರು ಲೈಕ್ ಯಾರದ್ದು ಅಂತ ಒಮ್ಮೆ ತೆರೆದು ನೋಡಿ. ನಿಮ್ಮ ಭಾವಮೈದ, ಪಾಲಿಟೆಕ್ನಿಕ್ ಗೆಳೆಯರು, ಪಕ್ಕದ ಶೆಡ್ಡಿನ ಮಾಲೀಕರು, ನಿಮಗೆ ಮರಳು, ರೆಸಿನ್ ಮಾರುವವರು, ಒಬ್ಬಿಬ್ಬರು ಇನ್ಶೂರೆನ್ಸ್ ಏಜೆಂಟರು. ಎಲ್ಲರೂ ಒಳ್ಳೆಯವರೇ. ಆದರೆ ಇವರಲ್ಲಿ ಒಬ್ಬರಿಗೂ ಕಾಸ್ಟಿಂಗ್ (ಎರಕದ ಭಾಗ) ಬೇಕಾಗಿಲ್ಲ.

ಬೇಕಾದವರು ಲೈಕ್ ಒತ್ತುವುದಿಲ್ಲ ಮಾರಾಯ್ರೇ. ನಾನೂ ಒತ್ತುತ್ತಿರಲಿಲ್ಲ. ಪರ್ಚೇಸ್‌ನವರು ಒಬ್ಬ ವೆಂಡರ್ ಪೋಸ್ಟಿಗೆ ಲೈಕ್ ಒತ್ತಿದರೆ ಅದು ಊರಿಗೆಲ್ಲ ಕಾಣುತ್ತದೆ. ಈಗ ಮಾಲು ಕೊಡುತ್ತಿರುವವನು ಸಂಜೆಯೊಳಗೆ ಫೋನ್ ಮಾಡಿ, ‘ಏನ್ ಮೇಡಂ, ನಮ್ಮನ್ನ ಬಿಡ್ತೀರಾ?’ ಅಂತ ಕೇಳುತ್ತಾನೆ. ಹೊಸಬರು ಹತ್ತು ಜನ ಬ್ರೋಷರ್ ಕಳಿಸುತ್ತಾರೆ. ಅದಕ್ಕೇ ನಾವು ಸುಮ್ನೆ ಓದುತ್ತೇವೆ, ಪ್ರೊಫೈಲ್ ನೋಡುತ್ತೇವೆ, ಹೆಸರು ಬರೆದಿಟ್ಟುಕೊಳ್ಳುತ್ತೇವೆ. ಅಡಿಕೆ ಟೆಂಡರ್ ದಿನ ಮಂಡಿಗೆ ಹೋದರೆ ಇದೇ ಕಾಣುತ್ತದೆ. ಖರೀದಿದಾರ ಚೀಲದ ಮುಂದೆ ನಿಲ್ಲುತ್ತಾನೆ, ಒಂದು ಅಡಿಕೆ ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾನೆ, ಮುಖದಲ್ಲಿ ಏನೂ ತೋರಿಸದೆ ಮುಂದಿನ ಲಾಟಿಗೆ ಹೋಗುತ್ತಾನೆ. ರೇಟು ಬರೆಯುವುದು ಆಮೇಲೆ.

ಈಗ ಹೇಳಿ, ನಿಮ್ಮ ಪೋಸ್ಟಿನಲ್ಲಿ ಕತ್ತರಿಸಿ ನೋಡಲು ಏನಿದೆ?

‘ಕ್ವಾಲಿಟಿಯೇ ಉಸಿರು’ ಅಂತ ಎಲ್ಲರೂ ಹಾಕುತ್ತಾರೆ. ನನಗೆ ಬೇಕಾಗಿದ್ದ ಮಾಹಿತಿಯೇ ಬೇರೆ. ಬರೀ ಗ್ರೇ ಐರನ್ನಾ (ಸಾಮಾನ್ಯ ಎರಕದ ಕಬ್ಬಿಣ), ಸುಲಭಕ್ಕೆ ಒಡೆಯದ ಎಸ್‌ಜಿ ಐರನ್ ಕೂಡ ಮಾಡುತ್ತೀರಾ? ಗ್ರೇ ಐರನ್‌ನ ಎಫ್‌ಜಿ 260 ದಿನವೂ ಮಾಡುವ ಗ್ರೇಡಾ, ಕೇಳಿದರೆ ಮಾಡುವುದಾ? ಒಂದು ಪೀಸು ಎಷ್ಟು ಕೆಜಿಯಿಂದ ಎಷ್ಟು ಕೆಜಿವರೆಗೆ? ತಿಂಗಳಿಗೆ ಎಷ್ಟು ಟನ್ ಮಾಡುವ ಶಕ್ತಿ ಇದೆ, ಅದರಲ್ಲಿ ಎಷ್ಟು ಖಾಲಿ ಇದೆ? ಲೋಹದಲ್ಲಿ ಏನೇನು ಎಷ್ಟಿದೆ ಅಂತ ಅಳೆಯುವ ಸ್ಪೆಕ್ಟ್ರೋಮೀಟರ್ ನಿಮ್ಮಲ್ಲೇ ಇದೆಯಾ, ಸ್ಯಾಂಪಲ್ಲನ್ನು ಹೊರಗಿನ ಲ್ಯಾಬಿಗೆ ಕಳಿಸುತ್ತೀರಾ? ಗುಣಮಟ್ಟದ ಪ್ರಮಾಣಪತ್ರಗಳಲ್ಲಿ ಐಎಸ್‌ಒ 9001 ಇದ್ದೇ ಇರುತ್ತದೆ, ವಾಹನದ ಬಿಡಿಭಾಗ ಮಾಡುವುದಾದರೆ ಐಎಟಿಎಫ್ 16949 ಇದೆಯಾ? ಪ್ಯಾಟರ್ನ್ (ಅಚ್ಚು ಮಾಡಲು ಬೇಕಾದ ಮಾದರಿ) ಕೈಗೆ ಬಂದ ಮೇಲೆ ಮೊದಲ ಸ್ಯಾಂಪಲ್ ಎಷ್ಟು ವಾರಕ್ಕೆ ಕೊಡುತ್ತೀರಿ? ಇವುಗಳಲ್ಲಿ ಎರಡಕ್ಕೆ ಉತ್ತರ ಸಿಕ್ಕಿದರೂ ಪೋಸ್ಟ್ ಪೂರ್ತಿ ಓದುತ್ತಿದ್ದೆ.

ಒಂದು ಮಾದರಿ ಕೊಡುತ್ತೇನೆ. ಅಂಕಿಗಳು ಸುಮ್ನೆ ಹಾಕಿದ್ದು, ನಿಮ್ಮವನ್ನು ನೀವು ತುಂಬಿ (ಬೇರೆ ಓದುಗರಿಗೆ: ಬ್ಲೋಹೋಲ್ ಅಂದರೆ ಎರಕದೊಳಗೆ ಗ್ಯಾಸ್ ಸಿಕ್ಕಿ ಆಗುವ ತೂತು, ಕೋರ್ ಅಂದರೆ ಒಳಗೆ ಟೊಳ್ಳು ಬಿಡಲು ಅಚ್ಚಿನಲ್ಲಿ ಇಡುವ ಮರಳಿನ ತುಂಡು):

‘ಪಂಪ್ ಕೇಸಿಂಗ್, 18 ಕೆಜಿ, ಎಫ್‌ಜಿ 260. ಮೆಷಿನಿಂಗ್ ಆದ ಮೇಲೆ ಫ್ಲೇಂಜ್ ಹತ್ತಿರ ಬ್ಲೋಹೋಲ್ ಕಾಣುತ್ತಿತ್ತು. ಕೋರ್ ಒಳಗಿನ ಗ್ಯಾಸ್ ಹೊರಗೆ ಹೋಗಲು ದಾರಿ ಸಾಲುತ್ತಿರಲಿಲ್ಲ. ವೆಂಟ್ ಜಾಸ್ತಿ ಕೊಟ್ಟೆವು. ಕೋರ್ ಪೂರ್ತಿ ಒಣಗಿದ ಮೇಲೆಯೇ ಮೋಲ್ಡಿನಲ್ಲಿ ಕೂರಿಸತೊಡಗಿದೆವು. ತೂತು ನಿಂತಿತು. 5ರಿಂದ 60 ಕೆಜಿವರೆಗಿನ ಗ್ರೇ ಐರನ್ ಕಾಸ್ಟಿಂಗ್, ಮೆಷಿನಿಂಗ್ ಸಮೇತ, ಶಿವಮೊಗ್ಗದಿಂದ.’

ಇಷ್ಟು ಸಾಕು. ಲಿಂಕ್ಡ್‌ಇನ್ ಒಂದು ಪೋಸ್ಟಿಗೆ 3,000 ಅಕ್ಷರ ಕೊಡುತ್ತದೆ, ಅದನ್ನೆಲ್ಲ ತುಂಬಿಸಬೇಕು ಅಂತೇನಿಲ್ಲ. ಮೊದಲ ಎರಡು ಮೂರು ಸಾಲು ಮಾತ್ರ ಹೊರಗೆ ಕಾಣುತ್ತವೆ, ಉಳಿದದ್ದು ಒತ್ತಿದರೆ ತೆರೆಯುತ್ತದೆ. ಆ ಸಾಲುಗಳಲ್ಲೇ ‘ಪಂಪ್ ಕೇಸಿಂಗ್’, ‘ಬ್ಲೋಹೋಲ್’ ಬಂದುಬಿಡಬೇಕು. ‘ನಮ್ಮ ಪಯಣದಲ್ಲಿ ಇನ್ನೊಂದು ಮೈಲಿಗಲ್ಲು’ ಅಂತ ಶುರುಮಾಡಿದರೆ ನಾನು ಒತ್ತುವುದಿಲ್ಲ. ಅದೇ ವಾರ ನನ್ನ ಹಳೇ ವೆಂಡರಿನ ಲಾಟಿನಲ್ಲಿ ಬ್ಲೋಹೋಲ್ ಬಂದು ಲೈನ್ ನಿಂತಿದ್ದರೆ, ನಿಮ್ಮ ಪೋಸ್ಟ್ ನನ್ನ ಕಣ್ಣಿಗೆ ಹೇಗೆ ಕಾಣಬಹುದು ಯೋಚಿಸಿ.

ಆದರೆ ಒಂದು ಎಚ್ಚರ, ಇದನ್ನು ಜೋರಾಗಿ ಹೇಳುತ್ತೇನೆ. ಗಿರಾಕಿಯ ಡ್ರಾಯಿಂಗ್, ಪಾರ್ಟ್ ನಂಬರ್, ಕಾಸ್ಟಿಂಗ್ ಮೇಲೆ ಎದ್ದು ಕಾಣುವ ಅವರ ಲೋಗೋ, ಇವು ಯಾವುವೂ ಫೋಟೋದಲ್ಲಿ ಬರಬಾರದು. ಎಷ್ಟೋ ಒಪ್ಪಂದಗಳಲ್ಲಿ ಗೋಪ್ಯತೆಯ ಷರತ್ತು ಇರುತ್ತದೆ. ಷರತ್ತು ಇಲ್ಲದಿದ್ದರೂ ಕೇಳಿಯೇ ಹಾಕಿ. ‘ಇವತ್ತು ಅವರ ಡ್ರಾಯಿಂಗ್ ಊರಿಗೆ ತೋರಿಸಿದವರು ನಾಳೆ ನಮ್ಮದನ್ನೂ ತೋರಿಸುತ್ತಾರೆ’ ಅಂತ ಅಂದುಕೊಂಡು ನಾನು ಒಳ್ಳೆಯ ವೆಂಡರ್‌ಗಳನ್ನೇ ಪಟ್ಟಿಯಿಂದ ತೆಗೆದದ್ದುಂಟು.

ಪೋಸ್ಟ್ ಓದಿದವರು ಮುಂದೆ ಹೋಗುವುದು ನಿಮ್ಮ ಪ್ರೊಫೈಲಿಗೆ. ಅಲ್ಲಿ ಹೆಸರಿನ ಕೆಳಗೆ ‘ಮ್ಯಾನೇಜಿಂಗ್ ಡೈರೆಕ್ಟರ್’ ಅಂತಿದ್ದರೆ ನನಗೆ ಏನು ತಿಳಿಯಿತು? ಅಲ್ಲಿ 220 ಅಕ್ಷರ ಬರೆಯಬಹುದು. ‘ಗ್ರೇ ಐರನ್ ಕಾಸ್ಟಿಂಗ್ 5–60 ಕೆಜಿ, ಮೆಷಿನಿಂಗ್ ಸಮೇತ, ಶಿವಮೊಗ್ಗ’ ಅಂತ ಬರೆಯಿರಿ. ಫೋನ್ ನಂಬರ್ ಕಾಣುವ ಹಾಗೆ ಇರಲಿ. ಕಂಪನಿ ಪೇಜ್ ಇರಲಿ ಬಿಡಿ, ಆದರೆ ಪೋಸ್ಟ್ ನಿಮ್ಮ ಹೆಸರಿನಿಂದಲೇ ಬರಲಿ. ಮನುಷ್ಯರು ಮನುಷ್ಯರನ್ನೇ ಓದುವುದು.

ಇನ್ನು ಲೈಕ್ ಎಣಿಸುವುದು ಬಿಟ್ಟು ಏನು ನೋಡಬೇಕು? ಪೋಸ್ಟಿನ ಕೆಳಗೆ ಎಷ್ಟು ಜನ ನೋಡಿದರು ಅನ್ನುವ ಸಂಖ್ಯೆ ಇರುತ್ತದೆ, ಅದನ್ನು ಒತ್ತಿ. ನೋಡಿದವರು ಯಾವ ಹುದ್ದೆಯವರು, ಯಾವ ಊರಿನವರು ಅಂತ ಒಟ್ಟಾರೆ ತೋರಿಸುತ್ತದೆ. ಅಲ್ಲಿ ಶಿವಮೊಗ್ಗ, ಭದ್ರಾವತಿಯೇ ತುಂಬಿದ್ದರೆ ಪೋಸ್ಟ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಪೀಣ್ಯ, ಹೊಸೂರು, ಪುಣೆ, ಕೊಯಮತ್ತೂರು ಕಡೆಯ ಪರ್ಚೇಸ್, ಸೋರ್ಸಿಂಗ್ ಮತ್ತು ವೆಂಡರ್ ಕ್ವಾಲಿಟಿ ನೋಡುವ ಎಂಜಿನಿಯರುಗಳನ್ನು ಹುಡುಕಿ ಕನೆಕ್ಷನ್ ಕಳಿಸಿ. ದುಡ್ಡು ಕೊಡದ ಖಾತೆಯಲ್ಲಿ ಕನೆಕ್ಷನ್ ಜೊತೆ ಚೀಟಿ ಬರೆದು ಕಳಿಸಲು ತಿಂಗಳಿಗೆ ಕೆಲವೇ ಅವಕಾಶ. ಅವನ್ನು ನಿಜವಾಗಿ ಬೇಕಾದವರಿಗೇ ಇಟ್ಟುಕೊಳ್ಳಿ. ಕ್ವಾಲಿಟಿ ಎಂಜಿನಿಯರುಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅಲ್ವಾ? ರಿಜೆಕ್ಷನ್ ಬಂದಾಗ ‘ಬೇರೆ ವೆಂಡರ್ ನೋಡಿ’ ಅಂತ ಮೊದಲು ಹೇಳುವವರು ಅವರೇ. ಮತ್ತೆ, ಕನೆಕ್ಷನ್ ಒಪ್ಪಿಕೊಂಡ ಐದು ನಿಮಿಷಕ್ಕೆ ಬ್ರೋಷರ್ ಕಳಿಸಬೇಡಿ, ದಯವಿಟ್ಟು.

ದೂರದ ಪ್ರಶ್ನೆಯನ್ನೂ ನೀವೇ ತೆಗೆಯಿರಿ. ಪುಣೆಯಲ್ಲಿ ಕೂತವರಿಗೆ ಶಿವಮೊಗ್ಗ ಎಲ್ಲೋ ಕಾಡಿನ ಊರು. ರಾತ್ರಿ ಲಾರಿಗೆ ಹಾಕಿದ ಮಾಲು ಬೆಳಗಾಗುವಾಗ ಬೆಂಗಳೂರಿನಲ್ಲಿರುತ್ತದೆ, 2023ರ ಫೆಬ್ರುವರಿಯಲ್ಲಿ ಶಿವಮೊಗ್ಗದ ಪಕ್ಕದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಗಿದೆ ಅನ್ನುವುದು ನಮಗೆ ಹಳೇ ಸುದ್ದಿ. ಅವರಿಗೆ ಗೊತ್ತಿಲ್ಲ.

ಆಯುಧಪೂಜೆ ಫೋಟೋ ಬೇಡ ಅನ್ನುತ್ತಿಲ್ಲ, ವರ್ಷಕ್ಕೊಂದು ಹಾಕಿ. ಹಿಂದೆ ಕಾಣುವ ಫರ್ನೇಸ್ ಸ್ಪಷ್ಟವಾಗಿರಲಿ. ನಾವು ಹೂವಿನ ಹಾರಕ್ಕಿಂತ ಮೊದಲು ಅದನ್ನೇ ನೋಡುವುದು. ಮತ್ತೆ ತಾಳ್ಮೆ ಬೇಕು. ಸ್ಯಾಂಪಲ್, ಟ್ರಯಲ್ ಲಾಟು, ಫ್ಯಾಕ್ಟರಿ ನೋಡಲು ಬರುವುದು ಎಲ್ಲ ಮುಗಿದು ಪಿಒ (ಖರೀದಿ ಆದೇಶ) ಕೈಗೆ ಬರಲು ತಿಂಗಳುಗಳೇ ಹಿಡಿಯುತ್ತವೆ.

ಪ್ರಶ್ನೆ: ಮೇಡಂ, ನಮ್ಮದು ಹಾಳೆತಟ್ಟೆ ಮಾಡುವ ಘಟಕ. ಲಿಂಕ್ಡ್‌ಇನ್‌ನಲ್ಲಿ ಫೋಟೋ ಹಾಕಿದ ಎರಡೇ ದಿನಕ್ಕೆ ಅಮೆರಿಕದವರೊಬ್ಬರು ಎರಡು ಕಂಟೇನರ್ ಬೇಕು ಅಂದರು. ರೇಟಿಗೆ ಚೌಕಾಸಿಯೇ ಇಲ್ಲ. ವೆಂಡರ್ ನೋಂದಣಿಗೆ 45 ಸಾವಿರ ರೂಪಾಯಿ ಮೊದಲು ಕಟ್ಟಬೇಕಂತೆ, ಮೊದಲ ಬಿಲ್ಲಿನಲ್ಲಿ ವಾಪಸ್ ಕೊಡುತ್ತಾರಂತೆ. ನನ್ನ ಹೆಂಡತಿ ಬೇಡ ಅನ್ನುತ್ತಾಳೆ. ನನಗೆ ಅವಕಾಶ ತಪ್ಪಿಹೋದೀತು ಅನ್ನಿಸುತ್ತಿದೆ.
– ಹೆಸರು ಬೇಡ, ಹೊಸನಗರ ತಾಲ್ಲೂಕು

ಉತ್ತರ: ಹೆಂಡತಿ ಮಾತು ಕೇಳಿ. ಒಂದು ಪೈಸೆ ಕಟ್ಟಬೇಡಿ.

ಚೌಕಾಸಿ ಮಾಡದ ಖರೀದಿದಾರರು ಇಲ್ಲ. ಆ ಕೆಲಸಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ನಿಜವಾದ ಗಿರಾಕಿ ಮೊದಲು ಕೇಳುವುದು ತಟ್ಟೆಯ ಅಳತೆ, ದಪ್ಪ, ಒಂದು ಪೆಟ್ಟಿಗೆಗೆ ಎಷ್ಟು, ಸ್ಯಾಂಪಲ್ ಯಾವಾಗ. ದುಡ್ಡು ಹೋಗುವುದು ಅವರಿಂದ ನಿಮಗೆ, ನಿಮ್ಮಿಂದ ಅವರಿಗೆ ಅಲ್ಲ. ಆಗಲೇ ಕಟ್ಟಿದ್ದರೆ ಇವತ್ತೇ 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಯ ದೂರಿಗೆ ಇರುವ ರಾಷ್ಟ್ರೀಯ ಸಹಾಯವಾಣಿ ಅದು. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಇನ್ನೊಂದು ಗುಟ್ಟು ಇದೆ, ಇದು ನಿಮ್ಮ ಕಸುಬಿಗೇ ಸಂಬಂಧಪಟ್ಟದ್ದು. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆ, ಬಟ್ಟಲುಗಳಲ್ಲಿ ಆಹಾರ ಬಡಿಸಲು ತನ್ನ ನಿಯಮದಲ್ಲಿ ಅನುಮತಿ ಇಲ್ಲ ಅಂತ 2025ರ ಮೇ ತಿಂಗಳಲ್ಲಿ ಹೇಳಿತು. ಅಡಿಕೆ ಗಿಡದಲ್ಲಿರುವ ಆಲ್ಕಲಾಯ್ಡುಗಳು ಆಹಾರಕ್ಕೆ ಇಳಿಯಬಹುದು ಅನ್ನುವುದು ಅದರ ವಾದ. ನಮ್ಮ ಕಡೆ ತಲೆಮಾರುಗಳಿಂದ ಹಾಳೆಯಲ್ಲಿ ಉಂಡಿದ್ದೇವೆ, ಅದು ಬೇರೆ ಮಾತು. ಆದರೆ ಆ ದೇಶದಿಂದ ಬರುವ ಗಿರಾಕಿ ಈ ವಿಷಯವನ್ನು ಎತ್ತದೆಯೇ ಎರಡು ಕಂಟೇನರ್ ಕೇಳಿದರೆ, ಒಂದೋ ಅವರಿಗೆ ವ್ಯಾಪಾರ ಗೊತ್ತಿಲ್ಲ, ಇಲ್ಲವೇ ಅವರಿಗೆ ಬೇಕಾಗಿರುವುದು ತಟ್ಟೆ ಅಲ್ಲ.

ಬೇರೆ ದೇಶಗಳಿಗೆ ಕಳಿಸುವುದಾದರೆ ಮೊದಲು ಕೇಂದ್ರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯವಾದ ಡಿಜಿಎಫ್‌ಟಿಯಿಂದ ಆಮದು ರಫ್ತು ಕೋಡ್ ಮಾಡಿಸಿಕೊಳ್ಳಿ. ಹೊಸ ಗಿರಾಕಿಯಾದರೆ ಮುಂಗಡ ಅಥವಾ ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ (ದುಡ್ಡಿಗೆ ಗಿರಾಕಿಯ ಬ್ಯಾಂಕ್ ಕೊಡುವ ಖಾತರಿ) ಇಲ್ಲದೆ ಮಾಲು ಹತ್ತಿಸಬೇಡಿ. ರಫ್ತಿನ ದುಡ್ಡು ಮುಳುಗಿದರೆ ವಿಮೆ ಕೊಡುವ ಇಸಿಜಿಸಿ ಅನ್ನುವ ಸರ್ಕಾರಿ ಸಂಸ್ಥೆಯೂ ಇದೆ, ಅದರ ಬಗ್ಗೆ ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ.

ಅದಕ್ಕಿಂತ, ಬೆಂಗಳೂರು ಬಿಟ್ಟು ಅಮೆರಿಕಕ್ಕೆ ಯಾಕೆ ಹೊರಟಿರಿ? 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳು ದೇಶದಲ್ಲೇ ನಿಷೇಧ. ಕಂಪನಿಗಳಲ್ಲಿ ಕ್ಯಾಂಟೀನ್, ಸಮಾರಂಭ ನೋಡಿಕೊಳ್ಳುವ ಅಡ್ಮಿನ್ ಮ್ಯಾನೇಜರುಗಳು ಲಿಂಕ್ಡ್‌ಇನ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ. ದೊಡ್ಡ ಕೇಟರಿಂಗ್‌ನವರೂ ಇದ್ದಾರೆ. ಅವರಿಗೆ ಹಾಳೆತಟ್ಟೆ ಅಂದರೆ ಒಂದೇ ಭಯ: ಬೂಷ್ಟು. ಮಳೆಗಾಲದಲ್ಲಿ ತರಿಸಿದ ಪೆಟ್ಟಿಗೆ ಬಿಚ್ಚಿದರೆ ಮೇಲೆಲ್ಲ ಬಿಳಿ ಕಟ್ಟಿರುತ್ತದೆ, ಮದುವೆ ಮನೆಯಲ್ಲಿ ಮಾನ ಹೋಗುತ್ತದೆ. ಇಂಥ ಮಳೆ ಸೀಮೆಯಲ್ಲಿ ಕೂತು, ಆಷಾಢದಲ್ಲೂ ಹಾಳೆ ಹೇಗೆ ಒಣಗಿಸುತ್ತೀರಿ, ಒತ್ತಿದ ಮೇಲೆ ಹೇಗೆ ಕಟ್ಟಿಡುತ್ತೀರಿ ಅಂತ ಒಂದು ಸಣ್ಣ ವಿಡಿಯೋ ಹಾಕಿ. ನಿಮ್ಮ ಹಸಿರು ತೋಟದ ಫೋಟೋಗಿಂತ ಅದು ಕೆಲಸ ಮಾಡುತ್ತದೆ.

ಪ್ರಶ್ನೆ: ಅಕ್ಕ, ಸಾಗರದಲ್ಲಿ ಮನೆಯಿಂದಲೇ ಸಣ್ಣ ಕಂಪನಿಗಳ ಲೆಕ್ಕಪತ್ರ, ಜಿಎಸ್‌ಟಿ ಕೆಲಸ ಮಾಡಿಕೊಡುತ್ತೇನೆ. ಲಿಂಕ್ಡ್‌ಇನ್‌ನಲ್ಲಿ ಬರೆ ಅಂತ ತಮ್ಮ ಹೇಳುತ್ತಾನೆ. ಕೂತರೆ ಒಂದು ಸಾಲೂ ಬರುವುದಿಲ್ಲ. ನನ್ನ ಬಗ್ಗೆ ನಾನೇ ಹೇಳಿಕೊಳ್ಳುವುದು ಅಂದರೆ ಮೈಯೆಲ್ಲ ಮುಳ್ಳು.
– ಸಾಗರ

ಉತ್ತರ: ಗೊತ್ತು. ನಮ್ಮ ಕಡೆ ಊಟ ಚೆನ್ನಾಗಿದೆ ಅಂತ ನೆಂಟರು ಹೇಳಿದರೂ ‘ಎಂತ ಚೆನ್ನಾಗಿದೆ, ಉಪ್ಪು ಕಮ್ಮಿ’ ಅನ್ನುವ ಜನ ನಾವು. ಅಂಥವರು ‘ನಾನು ಪರಿಣತೆ’ ಅಂತ ಬರೆಯಲು ಹೋದರೆ ಓದುವವರಿಗೂ ಮುಜುಗರ.

ಹಾಗಾಗಿ ನಿಮ್ಮ ಬಗ್ಗೆ ಬರೆಯಲೇಬೇಡಿ. ಕ್ಯಾಲೆಂಡರ್ ಬಗ್ಗೆ ಬರೆಯಿರಿ. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಕು ಕೊನೆ, ತೆರಿಗೆ ಕಟ್ಟುವ 3ಬಿಗೆ 20ನೇ ತಾರೀಕು. ನಡುವೆ 14ಕ್ಕೆ, ಸಪ್ಲೈಯರ್‌ಗಳು ಹಾಕಿದ ಬಿಲ್ಲುಗಳ ಪಟ್ಟಿಯಾದ 2ಬಿ ಬರುತ್ತದೆ. ಸಪ್ಲೈಯರ್ ಬಿಲ್ ಹಾಕದಿದ್ದರೆ ಅದರ ತೆರಿಗೆಯ ಕ್ರೆಡಿಟ್ (ಖರೀದಿಯಲ್ಲಿ ಆಗಲೇ ಕೊಟ್ಟ ತೆರಿಗೆಯ ವಜಾ) 2ಬಿಯಲ್ಲಿ ಕಾಣುವುದಿಲ್ಲ, ಅಷ್ಟು ದುಡ್ಡು ಕೈಯಿಂದ ಕಟ್ಟಬೇಕು. ಎಷ್ಟೋ ಮಾಲೀಕರಿಗೆ ಇದು 19ರ ರಾತ್ರಿ ಗೊತ್ತಾಗುತ್ತದೆ. ನೀವು 13ರ ಸಂಜೆ ಒಂದು ಪೋಸ್ಟ್ ಹಾಕಿ: ‘ನಾಳೆ 2ಬಿ ಬರುತ್ತದೆ. ಮೊದಲು ನಿಮ್ಮ ಐದು ದೊಡ್ಡ ಖರೀದಿ ಬಿಲ್ ಅದರಲ್ಲಿ ಇವೆಯಾ ನೋಡಿ. ಇಲ್ಲದಿದ್ದರೆ ನಾಳೆಯೇ ಸಪ್ಲೈಯರ್‌ಗೆ ಫೋನ್ ಮಾಡಿ.’ ಇದರಲ್ಲಿ ‘ನಾನು’ ಎಲ್ಲಿದೆ? ಆದರೆ ಓದಿದವರಿಗೆ ನೀವು ಎಂಥವರು ಅಂತ ತಿಳಿಯುತ್ತದೆ. ಮುಂದಿನ ತಿಂಗಳು ಇನ್ನೊಂದು ತಾರೀಕು, ಇನ್ನೊಂದು ಗೋಜಲು. ವಿಷಯ ಮುಗಿಯುವ ಪ್ರಶ್ನೆಯೇ ಇಲ್ಲ, ಸರ್ಕಾರ ಅಷ್ಟು ಅನುಕೂಲ ಮಾಡಿಕೊಟ್ಟಿದೆ.

ಅದೂ ಕಷ್ಟವಾದರೆ ಪೋಸ್ಟ್ ಬಿಡಿ, ಕಾಮೆಂಟ್ ಬರೆಯಿರಿ. ಸಣ್ಣ ಉದ್ಯಮಿಗಳು ನೋಟಿಸ್ ಬಂತು ಅಂತ ಗೋಳು ಹೇಳಿಕೊಂಡ ಕಡೆ ನಾಲ್ಕು ಸಾಲಿನ ಸರಿಯಾದ ಉತ್ತರ ಕೊಡಿ. ಕೊನೆಗೆ ‘ಹೆಚ್ಚಿನ ಮಾಹಿತಿಗೆ ಸಂಪರ್ಕಿಸಿ’ ಅಂತ ಬಾಲ ಸೇರಿಸಬೇಡಿ. ಹೊಗಳಿಕೆಯ ಮಾತನ್ನು ಹಳೇ ಗಿರಾಕಿಗಳ ಕೈಲಿ ಬರೆಸಿ, ಪ್ರೊಫೈಲಿನಲ್ಲಿ ಅದಕ್ಕೆ ಜಾಗ ಇದೆ.

ಪ್ರಶ್ನೆ: ಶಿವಮೊಗ್ಗ ಕೋರ್ಟಿನಲ್ಲಿ ಹೊಸದಾಗಿ ವಕೀಲಿ ಶುರುಮಾಡಿದ್ದೇನೆ. ಲಿಂಕ್ಡ್‌ಇನ್‌ನಿಂದ ಕಕ್ಷಿದಾರರನ್ನು ಪಡೆಯುವುದು ಹೇಗೆ?

ಉತ್ತರ: ಪಡೆಯಲು ಹೋಗಬೇಡಿ. ವಕೀಲರು ಜಾಹೀರಾತು ಕೊಟ್ಟು ಅಥವಾ ಬೇರೆ ರೀತಿಯಲ್ಲಿ ಕೆಲಸ ಕೇಳುವುದನ್ನು ಬಾರ್ ಕೌನ್ಸಿಲ್‌ನ 36ನೇ ನಿಯಮ ಒಪ್ಪುವುದಿಲ್ಲ. ಕಾನೂನಿನ ವಿಷಯ ತಿಳಿಸಿ ಬರೆಯುವುದು ಒಂದು, ‘ನಿಮ್ಮ ಕೇಸು ನನಗೆ ಕೊಡಿ’ ಅನ್ನುವುದು ಇನ್ನೊಂದು. ಗೆರೆ ಎಲ್ಲಿದೆ ಅಂತ ನಿಮ್ಮ ಸೀನಿಯರನ್ನು ಕೇಳಿ, ನನ್ನನ್ನಲ್ಲ.

ಪ್ರಶ್ನೆ: ತಾನೇ ಕನೆಕ್ಷನ್ ಕಳಿಸುವ, ತಾನೇ ಕಾಮೆಂಟ್ ಹಾಕುವ ಸಾಫ್ಟ್‌ವೇರ್ ಕೊಳ್ಳಬಹುದಾ?
– ಭದ್ರಾವತಿ

ಉತ್ತರ: ಬೇಡ. ಅಂಥ ಸಾಧನಗಳನ್ನು ಲಿಂಕ್ಡ್‌ಇನ್ ನಿಯಮ ಒಪ್ಪುವುದಿಲ್ಲ, ಸಿಕ್ಕಿಬಿದ್ದರೆ ಖಾತೆಗೇ ಬೀಗ. ಮತ್ತೆ, ಒಬ್ಬರು ತಾಯಿ ತೀರಿಕೊಂಡ ಸುದ್ದಿ ಬರೆದಿದ್ದಕ್ಕೆ ‘ಅದ್ಭುತ ಒಳನೋಟ!’ ಅಂತ ಯಂತ್ರ ಹಾಕಿದ ಕಾಮೆಂಟನ್ನು ನಾನು ಕಣ್ಣಾರೆ ನೋಡಿದ್ದೇನೆ.

ಪ್ರಶ್ನೆ: ಆಗುಂಬೆ ಹತ್ತಿರ ನಮ್ಮ ಹೋಮ್‌ಸ್ಟೇ ಇದೆ. ಲಿಂಕ್ಡ್‌ಇನ್ ನಮಗೆ ಉಪಯೋಗವಾ? ಕನ್ನಡದಲ್ಲಿ ಬರೆದರೆ ನಡೆಯುತ್ತದಾ?

ಉತ್ತರ: ಸಂಸಾರ ಸಮೇತ ಬರುವವರಿಗೆ ಇನ್‌ಸ್ಟಾಗ್ರಾಂ, ಗೂಗಲ್ ಮ್ಯಾಪ್ ಸಾಕು. ಲಿಂಕ್ಡ್‌ಇನ್ ಬೇಕಾಗುವುದು ಕಂಪನಿ ತಂಡಗಳನ್ನು ಕರೆಸುವುದಾದರೆ ಮಾತ್ರ. ಅಲ್ಲಿ ಗಿರಾಕಿ ಎಚ್‌ಆರ್‌ನವರು, ಅವರಿಗೆ ಜಲಪಾತ ಬೇಡ. ಎಷ್ಟು ಕೋಣೆ, ಎಷ್ಟು ಬಾತ್‌ರೂಂ, 30 ಜನ ಒಟ್ಟಿಗೆ ಕೂರುವ ಜಗಲಿ ಇದೆಯಾ, ಕರೆಂಟ್ ಹೋದರೆ ಜನರೇಟರ್ ಇದೆಯಾ, ಯಾವ ಸಿಮ್‌ಗೆ ನೆಟ್‌ವರ್ಕ್ ಸಿಗುತ್ತದೆ, ಜಿಎಸ್‌ಟಿ ಬಿಲ್ ಕೊಡುತ್ತೀರಾ. ನೆಟ್‌ವರ್ಕ್ ಇಲ್ಲದಿದ್ದರೆ ಇಲ್ಲ ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ಕೆಲವು ಮ್ಯಾನೇಜರುಗಳು ಅದನ್ನೇ ಹುಡುಕುತ್ತಿರುತ್ತಾರೆ. ಭಾಷೆಯ ಮಾತಿಗೆ ಬಂದರೆ, ಗಿರಾಕಿ ಯಾವ ಭಾಷೆಯಲ್ಲಿ ಪಿಒ ಬರೆಯುತ್ತಾರೋ ಆ ಭಾಷೆ. ಕರ್ನಾಟಕದ ಒಳಗಿನ ಸಣ್ಣ ಮಾಲೀಕರಿಗಾದರೆ ಕನ್ನಡವೇ ವಾಸಿ, ಆ ಜಾಗದಲ್ಲಿ ಕನ್ನಡ ಕಂಡರೆ ಕಣ್ಣು ತಾನಾಗಿ ನಿಲ್ಲುತ್ತದೆ.

ಪ್ರಶ್ನೆ: ಮೇಡಂ, ಕೊನೆಗೂ ಒಂದು ಎನ್‌ಕ್ವೈರಿ ಬಂತು! ಹೊಸೂರಿನ ಕಂಪನಿಯೊಂದರ ಸೋರ್ಸಿಂಗ್‌ನವರು ಶಾಫ್ಟ್ ಡ್ರಾಯಿಂಗ್ ಕಳಿಸಿ ರೇಟು ಕೇಳಿದ್ದಾರೆ. ಅದರಲ್ಲಿ ಒಂದು ಗ್ರೈಂಡಿಂಗ್ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ನಮ್ಮ ಮೆಷಿನ್ನಿಗೆ ಕಷ್ಟ. ಹೊರಗೆ ಮಾಡಿಸುವುದಾ, ಬಿಡುವುದಾ ಅಂತ ಯೋಚಿಸುತ್ತಾ ಒಂದು ವಾರ ಆಯಿತು. ಏನು ಉತ್ತರ ಕೊಡಲಿ?
– ಸಿಎನ್‌ಸಿ ಘಟಕ, ಶಿವಮೊಗ್ಗ

ಉತ್ತರ: ಒಂದು ವಾರವಾ! ಡ್ರಾಯಿಂಗ್ ಬಂದ ದಿನವೇ ‘ಸಿಕ್ಕಿತು, ಇಂಥ ದಿನ ರೇಟು ಕೊಡುತ್ತೇವೆ’ ಅಂತ ಒಂದು ಸಾಲು ಹೋಗಬೇಕಿತ್ತು. ಆ ಡ್ರಾಯಿಂಗ್ ನಿಮ್ಮೊಬ್ಬರಿಗೇ ಕಳಿಸಿರುವುದಿಲ್ಲ, ಕಡಿಮೆಯೆಂದರೆ ಮೂವರಿಗೆ ಕಳಿಸಿರುತ್ತಾರೆ. ನಾನು ರೇಟು ಹೋಲಿಸುವ ಮೊದಲೇ ಯಾರು ಎಷ್ಟು ಬೇಗ ಮಾತಾಡಿದರು ಅಂತ ಪಕ್ಕದಲ್ಲಿ ಬರೆದಿಡುತ್ತಿದ್ದೆ. ಕೊಟೇಶನ್ನಿಗೇ ಒಂದು ವಾರ ಮೌನವಾದರೆ ಮಾಲು ತಡವಾದಾಗ ಇವರು ಫೋನ್ ಎತ್ತುತ್ತಾರಾ ಅನ್ನುವ ಅನುಮಾನ ಬರುತ್ತದೆ.

ಗ್ರೈಂಡಿಂಗ್ ವಿಷಯ ಮುಚ್ಚಿಡಬೇಡಿ. ‘ಈ ಒಂದು ಆಪರೇಷನ್ ಹೊರಗೆ ಮಾಡಿಸುತ್ತೇವೆ, ತಪಾಸಣೆ ನಮ್ಮಲ್ಲೇ, ಅದಕ್ಕೆ ಇಷ್ಟು ದಿನ ಜಾಸ್ತಿ’ ಅಂತ ನೇರವಾಗಿ ಬರೆಯಿರಿ. ಅಥವಾ ಅದನ್ನು ಬಿಟ್ಟು ಉಳಿದದ್ದಕ್ಕೆ ರೇಟು ಕೊಡಿ. ಎರಡೂ ಆಗದಿದ್ದರೆ ಆಗುವುದಿಲ್ಲ ಅಂತ ಹೇಳಿ, ನಿಮ್ಮ ಮೆಷಿನ್ನಿಗೆ ಸರಿಹೊಂದುವ ಶಾಫ್ಟಿನ ಅಳತೆ ಯಾವುದು ಅಂತ ತಿಳಿಸಿ. ಆ ಮನುಷ್ಯನ ಬಳಿ ಬೇರೆ ಡ್ರಾಯಿಂಗ್ ಇದ್ದೇ ಇರುತ್ತದೆ. ಸಣ್ಣ ಉದ್ಯಮ ಅಂತ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಸಂಖ್ಯೆಯನ್ನೂ ಕೊಟೇಶನ್ ಕೆಳಗೆ ಹಾಕಿ. ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಪಾವತಿಸಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ, ಅದು ಮೊದಲ ದಿನವೇ ಅವರ ಕಡತದಲ್ಲಿರಲಿ.

ಈ ಸಂಚಿಕೆ ಅಚ್ಚಾಗಿ ನಿಮ್ಮ ಕೈಗೆ ಬರುವಷ್ಟರಲ್ಲಿ ಆ ರೇಟು ಹೋಗಿರಬೇಕು. ಹೋಗಿಲ್ಲದಿದ್ದರೆ ಓದುವುದು ಇಲ್ಲಿಗೇ ನಿಲ್ಲಿಸಿ, ಮೊದಲು ಹೊಸೂರಿಗೆ ಫೋನ್ ಹಚ್ಚಿ.